ಐಎಸ್‌ಒ 400ರ ಫಿಲ್ಮನ್ನು 1600ಕ್ಕೆ ಪುಶ್ ಮಾಡುವುದು

ಬಣ್ಣದ ಫಿಲ್ಮಿನಿಂದ ಶುರು ಮಾಡಿದವರಿಗೂ ಒಂದು ಹಂತದಲ್ಲಿ ಕಪ್ಪು-ಬಿಳುಪಿನ ಒರಟು ಗ್ರೇನ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಹಿಡಿಸತೊಡಗುತ್ತದೆ. ಆ ರುಚಿಗೆ ಇಲ್‌ಫರ್ಡ್ ಎಚ್‌ಪಿ5 ಪ್ಲಸ್ ಎಂಬ ಐಎಸ್‌ಒ 400ರ ಕಪ್ಪು-ಬಿಳುಪು ಫಿಲ್ಮ್ ಹೇಳಿ ಮಾಡಿಸಿದಂತಿದೆ. ಪುಶ್ ಮಾಡುವುದೆಂದರೆ ಫಿಲ್ಮಿನ ಐಎಸ್‌ಒ (ಬೆಳಕಿನ ಸೂಕ್ಷ್ಮತೆ) ಇರುವುದಕ್ಕಿಂತ ಹೆಚ್ಚೆಂದು ಎಣಿಸಿ ಚಿತ್ರ ತೆಗೆದು, ಆಮೇಲೆ ಹೆಚ್ಚು ಹೊತ್ತು ಡೆವಲಪ್ ಮಾಡುವುದು.

ಬೆಳಕು ಅಳೆಯುವ ಮೀಟರನ್ನು 1600ಕ್ಕಿಟ್ಟು ಇಡೀ ರೋಲ್ ಮುಗಿಸಿ. ಡೆವಲಪ್ ಮಾಡುವ ಸಮಯ ಎಲ್ಲ ಫ್ರೇಮಿಗೂ ಒಂದೇ, ಹಾಗಾಗಿ ಮಧ್ಯೆ ಬದಲಿಸಬೇಡಿ. ನೆರಳಿನ ವಿವರ ಮುಖ್ಯವಾದರೆ ಅಲ್ಲೇ ಅಳೆಯಿರಿ. ಪುಶ್ ಮಾಡಿದರೆ ಬೆಳಕು ಬಿದ್ದ ಭಾಗ ನೆಗೆಟಿವ್‌ನಲ್ಲಿ ಇನ್ನಷ್ಟು ದಟ್ಟವಾಗುತ್ತದೆಯೇ ಹೊರತು, ಫಿಲ್ಮಿಗೆ ಬೀಳದ ಬೆಳಕು ಎಲ್ಲಿಂದಲೂ ಬರುವುದಿಲ್ಲ.

ನೀರು ಬೆರೆಸದ ಐಡಿ-11 ಡೆವಲಪರಿನಲ್ಲಿ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 14 ನಿಮಿಷ (400ಕ್ಕಾದರೆ ಏಳೂವರೆ). ಪ್ರತಿ ನಿಮಿಷದ ಮೊದಲ 10 ಸೆಕೆಂಡಿನಲ್ಲಿ ಟ್ಯಾಂಕನ್ನು 4 ಸಲ ತಲೆಕೆಳಗು ಮಾಡಿ, ಆಮೇಲೆ ಬುಡವನ್ನು ಮೇಜಿಗೆ ಮೆಲ್ಲಗೆ ತಟ್ಟಿ. ತಟ್ಟದಿದ್ದರೆ ಗುಳ್ಳೆಗಳು ಅಂಟಿಕೊಂಡು ನೆಗೆಟಿವ್‌ನಲ್ಲಿ ತಿಳಿ ಚುಕ್ಕೆಗಳು ಉಳಿಯುತ್ತವೆ. ಡೆವಲಪ್ ಆಗುವುದನ್ನು ನಿಲ್ಲಿಸುವ ಸ್ಟಾಪ್ ಬಾತ್ 10 ಸೆಕೆಂಡು, 1+4 ರ‍್ಯಾಪಿಡ್ ಫಿಕ್ಸರ್ (ಚಿತ್ರವನ್ನು ಸ್ಥಿರಗೊಳಿಸುವ ದ್ರಾವಣ, 1 ಪಾಲಿಗೆ 4 ಪಾಲು ನೀರು) 5 ನಿಮಿಷ, ನಂತರ ತೊಳೆಯಿರಿ. ಫಿಲ್ಮ್ ಹಾಲಿನಂತೆ ಮಬ್ಬಾಗಿದ್ದರೆ ಮತ್ತೆ ಫಿಕ್ಸರಿಗೆ ಹಾಕಿ.

ನೆಗೆಟಿವ್ ತೆಳುವಾಗಿ (ಮಸುಕಾಗಿ) ಬಂತೇ? ಫಿಲ್ಮಿನ ಅಂಚಿನಲ್ಲಿ ಕಂಪನಿಯೇ ಮೂಡಿಸಿದ ಅಕ್ಷರಗಳನ್ನು ನೋಡಿ. ಅವೂ ಮಸುಕಾಗಿದ್ದರೆ ಡೆವಲಪ್ ಸಾಲಲಿಲ್ಲ. ಅವು ದಟ್ಟವಾಗಿದ್ದು ಚಿತ್ರ ಮಾತ್ರ ತೆಳುವಾಗಿದ್ದರೆ ಎಕ್ಸ್‌ಪೋಷರ್ ಸಾಲಲಿಲ್ಲ.