ಎಡ್ಡಿಸ್ಟೋನ್ ರೈಫಲ್‌ನ ರಿಸೀವರ್ ಸೈಟ್ ತೆಗೆದು ಸ್ಕೋಪ್ ಕೂರಿಸಿದ ಬಗೆ: ನನ್ನ ಅನುಭವ

ಎಡ್ಡಿಸ್ಟೋನ್ ರೈಫಲಿನ ರಿಸೀವರ್ (ತೋಟಾ ತಳ್ಳಿ ಮುಚ್ಚುವ ಬೋಲ್ಟ್ ಕೂರುವ ಲೋಹದ ಭಾಗ) ಗಾಜಿನಷ್ಟು ಗಡಸು, ಮನೆಯ ಡ್ರಿಲ್ ಪ್ರೆಸ್ಸಿನಲ್ಲಿ ಅದಕ್ಕೆ ತೂತು ಕೊರೆಯುವುದು ಆಗದ ಮಾತು ಎಂದು ಇಲ್ಲಿ ಪೆನ್ಸಿಲ್ವೇನಿಯಾದ ನಮ್ಮ ರೇಂಜಿನಲ್ಲಿ ಹಲವರು ಹೇಳಿದ್ದರು. ಈಗ ಅದರ ಮೇಲೆ ಸ್ಕೋಪ್ ಕೂತಿದೆ. ಜಿಂಕೆ ಬೇಟೆಯ ಒಂದು ಹಂಗಾಮು ಪೂರ್ತಿ ಕಳೆದರೂ ಝೀರೋ, ಅಂದರೆ ಹೊಂದಿಸಿಟ್ಟ ಗುರಿ, ಕದಲಿಲ್ಲ. ಇದನ್ನು ಸಾಧಿಸಿದ ಬಗೆಯನ್ನು ಈ ಕೆಲಸ ಬಲ್ಲವರಿಗಾಗಿ ಬರೆಯುತ್ತಿದ್ದೇನೆ.

ರೈಫಲ್ 1917ರ ಮಾದರಿಯದು, .30-06 ತೋಟಾದ್ದು. ಇದೇ ರಾಜ್ಯದ ಎಡ್ಡಿಸ್ಟೋನ್ ಕಾರ್ಖಾನೆಯಲ್ಲಿ ತಯಾರಾದದ್ದು. ಮೂರು ಕಾರ್ಖಾನೆಗಳು ಸೇರಿ ತಯಾರಿಸಿದ ಇಪ್ಪತ್ತು ಲಕ್ಷಕ್ಕೂ ಮೀರಿದ ಇಂಥ ರೈಫಲ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಂದಲೇ ಬಂದವು. ಸೈನ್ಯದ ಮೂಲ ಸೈಟು ರಿಸೀವರಿನ ಹಿಂಬದಿಯ ಸೇತುವೆಯಂಥ ಭಾಗದ, ಅಂದರೆ ಬ್ರಿಡ್ಜಿನ, ಮೇಲೆ ಎರಡು ಕಿವಿಗಳ (ಕಾವಲಿನ ಏಣುಗಳ) ನಡುವೆ ಕೂತಿರುತ್ತದೆ. ನನ್ನದರ ಕಿವಿಗಳನ್ನು ಹಿಂದಿನ ಒಡೆಯರಾರೋ ಹಲವು ದಶಕಗಳ ಹಿಂದೆಯೇ ಅರೆದುಹಾಕಿ, ಬ್ರಿಡ್ಜಿನ ಬಲಗಡೆಗೆ ಲೈಮನ್ ಕಂಪನಿಯ ರಿಸೀವರ್ ಸೈಟ್ (ಸಣ್ಣ ರಂಧ್ರದ ಮೂಲಕ ಗುರಿ ನೋಡುವ ಸಾಧನ) ಬಿಗಿಸಿದ್ದರು. ಹಾಗಾಗಿ ನಾನು ಕೆಡಿಸುವುದಕ್ಕೆ ಏನೂ ಉಳಿದಿರಲಿಲ್ಲ. ಕಿವಿ ಉಳಿದಿರುವ ರೈಫಲಿಗೆ ಸಂಗ್ರಹಕಾರರು ಇಂದು ಹಲವು ಪಟ್ಟು ಬೆಲೆ ಕೊಡುತ್ತಾರೆ. ಅಂಥದ್ದರ ಮೇಲೆ ಯಾರೂ ಈ ಕೆಲಸ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಸೈಟಿನ ಸ್ಲೈಡ್ ಮೇಲೆತ್ತಿದೊಡನೆ ಬಂತು, ಬೇಸಿನ ಸ್ಕ್ರೂಗಳು ಮಾತ್ರ ತುಕ್ಕು ಹಿಡಿದು ಅಲುಗಲಿಲ್ಲ. ತುಕ್ಕು ಬಿಡಿಸುವ ಎಣ್ಣೆ ಹಾಕಿ ವಾರಗಟ್ಟಲೆ ಕಾದರೂ ಪ್ರಯೋಜನವಾಗಲಿಲ್ಲ. ಟಾರ್ಚಿನಿಂದ ಕಾಯಿಸಿದರೆ ರಿಸೀವರಿನ ಹದ ಕೆಡುವ ಅಪಾಯವಿರುವುದರಿಂದ, ಬೆಸುಗೆ ಹಾಕುವ ಸಾಲ್ಡರಿಂಗ್ ಐರನ್ನಿನ ತುದಿಯನ್ನು ಸ್ಕ್ರೂ ತಲೆಯ ಮೇಲಷ್ಟೇ ಇಟ್ಟು ಬಿಸಿ ಮಾಡಿದೆ. ಆಮೇಲೆ, ಸೀಳಿಗೆ ಸರಿಯಾಗಿ ಕೂರುವಂತೆ ಅರೆದುಕೊಂಡ ಬಿಟ್ಟನ್ನು ಡ್ರಿಲ್ ಪ್ರೆಸ್ಸಿಗೆ ಸಿಕ್ಕಿಸಿ, ಪ್ಲಗ್ ಕಿತ್ತಿಟ್ಟು, ಹಿಡಿಯಿಂದ ಕೆಳಗೆ ಒತ್ತಿಕೊಂಡೇ ಚಕ್ಕನ್ನು ಕೈಯಿಂದ ತಿರುಗಿಸಿದೆ. ಬಿಟ್ ಸೀಳಿನಿಂದ ಜಾರಲು ಎಡೆಯೇ ಇರದಿದ್ದುದರಿಂದ ಸ್ಕ್ರೂಗಳು ತಲೆ ಕೆಡದೆ ಬಂದವು. ಖಾಲಿಯಾದ ತೂತುಗಳಿಗೆ ಫಿಲ್ಲರ್ ಸ್ಕ್ರೂ ಹಾಕಿದೆ.

ಹಣ ನುಂಗಿದ್ದು ಸ್ಕೋಪಿನ ಬೇಸುಗಳನ್ನು ಬಿಗಿಯಲು ತೂತು ಕೊರೆಯುವ ಕೆಲಸ. ಸಾಮಾನ್ಯ ಹೈಸ್ಪೀಡ್ ಬಿಟ್‌ಗಳು ರಿಸೀವರಿನ ಮುಂಭಾಗದ ರಿಂಗಿನ ಮೇಲೆ ಗೀರು ಮೂಡಿಸಿ ಮೊಂಡಾದವು. ಕೋಬಾಲ್ಟ್ ಬಿಟ್ ಸ್ವಲ್ಪ ಇಳಿಯಿತಾದರೂ, ಆ ತೂತಿನಲ್ಲಿ 6-48 ಅಳತೆಯ ಟ್ಯಾಪ್ (ಸ್ಕ್ರೂ ಎಳೆ ಕೊರೆಯುವ ಉಪಕರಣ) ಮುರಿದು ಉಳಿಯಿತು, ಅದನ್ನು ಚೂರುಚೂರಾಗಿ ಒಡೆದು ತೆಗೆಯಲು ಒಂದು ಭಾನುವಾರ ಪೂರ್ತಿ ಹೋಯಿತು. ಕೊನೆಗೆ ಗೆದ್ದದ್ದು ಗಿಡ್ಡ ಕಾರ್ಬೈಡ್ ಬಿಟ್. ಜಿಗ್ಗಿನಲ್ಲಿ ರೈಫಲನ್ನು ಭದ್ರವಾಗಿ ಹಿಡಿದು, ಗಡಸಾದ ಮೇಲ್ಪದರವನ್ನು ಕಾರ್ಬೈಡಿನಿಂದ ದಾಟಿಸಿ, ಉಳಿದ ಆಳವನ್ನು 31ನೇ ನಂಬರಿನ ಕೋಬಾಲ್ಟ್ ಬಿಟ್ಟಿನಿಂದ ಇಳಿಸಿದರೆ ಟ್ಯಾಪ್ ನಿರಾತಂಕವಾಗಿ ತಿರುಗುತ್ತದೆ. ಟ್ಯಾಪಿಗೆ ನಾನು ಬೆರೆಸಿಕೊಳ್ಳುವ ಎಣ್ಣೆಯ ಪಾಕವನ್ನು ಇಲ್ಲಿ ಹೇಳುವುದಿಲ್ಲ, ಅದು ಬಹಳ ಖರ್ಚಿನ ನಂತರ ಕೈಗೆ ಬಂದದ್ದು. ಮುಂದಿನ ರಿಂಗಿನಲ್ಲಿ ಬೋಲ್ಟನ್ನು ಬಿಗಿಹಿಡಿಯುವ ಉಬ್ಬುಗಳಾದ ಲಾಕಿಂಗ್ ಲಗ್‌ಗಳು ಕೂರುವುದರಿಂದ ಅಲ್ಲಿ ಕಾಯಿಸಿ ಮೆದು ಮಾಡುವ ಸಲಹೆಯನ್ನು ಯಾರು ಕೊಟ್ಟರೂ ಕೇಳಬಾರದು. ಸ್ಕ್ರೂ ತುದಿ ಒಳಗೆ ಚಾಚಿದೆಯೇ ಎಂದು ತಿಳಿಯಲು ಬೋಲ್ಟಿಗೆ ದೀಪದ ಮಸಿ ಹಿಡಿಸಿ ಆಡಿಸಿ ನೋಡಿದೆ.

ಇಷ್ಟಾದ ಮೇಲೂ ಸ್ಕೋಪಿನ ಹಿಂಬದಿಯ ಬೇಸ್ ಕೂರಲಿಲ್ಲ. ಕಿವಿ ಅರೆದವರು ಬ್ರಿಡ್ಜಿನ ಹಿಂಭಾಗವನ್ನು ಬಲಕ್ಕೆ ಓರೆಯಾಗಿ, ಅಗತ್ಯಕ್ಕಿಂತ ಹೆಚ್ಚು ತಗ್ಗಿಸಿದ್ದರು, ಮೂಲ ಸೈಟು ಕೂರುತ್ತಿದ್ದ ಗುಂಡಿಯೂ ನಡುವೆ ಬಾಯ್ದೆರೆದಿತ್ತು. ಸ್ಕೋಪನ್ನು ಹಿಡಿಯುವ ರಿಂಗುಗಳ ನಡುವೆ ಐದೂವರೆ ಇಂಚಿನಷ್ಟು ಅಂತರವಿರುವಲ್ಲಿ, ಬೇಸಿನ ಕೆಳಗೆ ಇಂಚಿನ ಸಾವಿರದ ಒಂದು ಭಾಗ ಏರಿಳಿದರೂ 100 ಗಜದ ಗುರಿಯಲ್ಲಿ ಗುಂಡು ಸುಮಾರು ಇಂಚಿನ ಮೂರರಲ್ಲಿ ಎರಡು ಭಾಗದಷ್ಟು ಸರಿಯುತ್ತದೆ. ಹಿತ್ತಾಳೆಯ ಶಿಮ್‌ಗಳನ್ನು (ತೆಳು ತಗಡುಗಳನ್ನು) ಒಂದರ ಮೇಲೊಂದು ಪೇರಿಸಿದರೆ .30-06ರ ಒದೆತಕ್ಕೆ ಅವು ಜರುಗಿ, ಪ್ರತಿ ಡಬ್ಬಿ ತೋಟಾ ಮುಗಿಯುವಷ್ಟರಲ್ಲಿ ಗುರಿ ಕದಲುತ್ತಿತ್ತು. ನನಗೆ ಫಲ ಕೊಟ್ಟದ್ದು ಉಕ್ಕಿನ ಪುಡಿ ಬೆರೆಸಿದ ಎಪಾಕ್ಸಿಯ ಹಾಸು: ನೇರವಾದ ಸರಳೊಂದನ್ನು ಸ್ಕೋಪಿನ ಎರಡೂ ರಿಂಗುಗಳಲ್ಲಿ ಬಿಗಿದು, ಹಿಂಬದಿಯ ಬೇಸನ್ನು ಆ ಸರಳಿನಿಂದಲೇ ತೂಗುಬಿಟ್ಟು, ಬೇಸಿನ ತಳಕ್ಕೆ ಮೇಣ ಸವರಿ, ಅದಕ್ಕೂ ಬ್ರಿಡ್ಜಿಗೂ ನಡುವಿನ ಎಡೆಯನ್ನು ಎಪಾಕ್ಸಿಯಿಂದ ತುಂಬಿ ಎರಡು ದಿನ ಮುಟ್ಟದೆ ಬಿಟ್ಟೆ. ಒಣಗಿದ ಮೇಲೆ ಬೇಸಿನ ಅಚ್ಚೇ ಅಲ್ಲಿ ಮೂಡಿತ್ತು. ಸ್ಕ್ರೂ ಬಿಗಿಯುವಾಗ ಲೋಹಕ್ಕೆ ಎಲ್ಲಿಯೂ ಬಾಗುವ ಒತ್ತಡವಿಲ್ಲ. ಹಳೆಯ ಗುಂಡಿಯೂ ಅದರಡಿ ಮುಚ್ಚಿಹೋಯಿತು.

ಈ ಮಾದರಿಯ ಬೋಲ್ಟ್ ಹಿಡಿ ಮೊದಲೇ ಹಿಂದಕ್ಕೆ ಬಾಗಿ ತಗ್ಗಿದೆ, ಸೇಫ್ಟಿ ಬಲಬದಿಯಲ್ಲಿದೆ. ಸೈನ್ಯದ ಮೌಸರಿಗೆ ಹಿಡಿಯನ್ನು ಬಗ್ಗಿಸಿ ಹೊಸ ಸೇಫ್ಟಿ ಹಾಕಿಸುವ ಖರ್ಚು ಇಲ್ಲಿಲ್ಲ, ಸ್ಕೋಪನ್ನು ಎಷ್ಟು ತಗ್ಗಿಸಿದರೂ ಏನೂ ಅಡ್ಡ ಬರುವುದಿಲ್ಲ. ಈ ಅನುಕೂಲವನ್ನು ಮರೆತು ಜನ ಇದನ್ನು ಜರೆಯುತ್ತಾರೆ.

ಗನ್‌ಸ್ಮಿತ್ ಒಬ್ಬರು ಈ ಕೆಲಸಕ್ಕೆ ಇನ್ನೂರೈವತ್ತು ಡಾಲರ್ ಕೇಳಿ, ರಿಸೀವರ್ ಬಿರುಕು ಬಿಟ್ಟರೆ ಹೊಣೆಯಲ್ಲ ಎಂದಿದ್ದರು. ರೈಫಲಿಗೆ ನಾನು ಕೊಟ್ಟದ್ದೇ ಸುಮಾರು ಮುನ್ನೂರು. ಡ್ರಿಲ್ ಬಿಟ್‌ಗಳು, ಟ್ಯಾಪುಗಳಿಗೆ ಎಪ್ಪತ್ತು, ಬೇಸು, ರಿಂಗುಗಳಿಗೆ ಅರವತ್ತು, ಬಳಸಿದ 4 ಪಟ್ಟಿನ ಸ್ಕೋಪಿಗೆ ನೂರರ ಆಸುಪಾಸು ಖರ್ಚಾಯಿತು. ಬಿಚ್ಚಿದ ಲೈಮನ್ ಸೈಟನ್ನು ಮಾರಿದ್ದರಿಂದ ನೂರಕ್ಕಿಂತ ಮೇಲೆಯೇ ಬಂತು.

ಮಾರುವ ಮೊದಲು ಒಂದು ಪರೀಕ್ಷೆ ಮಾಡಿದ್ದೆ. ಒಳ್ಳೆಯ ಬಿಸಿಲಿನಲ್ಲಿ, ಬೆಂಚಿನ ಮೇಲಿಂದ, ರಂಧ್ರದ ಸೈಟಿನಲ್ಲಿ 100 ಗಜಕ್ಕೆ ಗುಂಡುಗಳು ಎರಡೂವರೆ ಇಂಚಿನ ಗುಂಪಿನಲ್ಲಿ ಬೀಳುತ್ತಿದ್ದವು. ಸ್ಕೋಪಿನಲ್ಲಿ ಅದೇ ತೋಟಾಗಳಿಂದ ಒಂದೂವರೆ ಇಂಚಿಗೆ ಇಳಿಯಿತು. ಹಗಲಿನಲ್ಲಿ ವ್ಯತ್ಯಾಸ ಅಷ್ಟೇ. ಮುಸ್ಸಂಜೆಯಲ್ಲಿ, ಬ್ಯಾರೆಲಿನ ತುದಿಯ ಗುರಿಯ ಮಣಿ ನನ್ನ ವಯಸ್ಸಿನ ಕಣ್ಣಿಗೆ ಮಸುಕಾಗುವ ಹೊತ್ತಿನಲ್ಲಿ, ಹೋಲಿಕೆಯೇ ಇಲ್ಲ. ಸ್ಕೋಪನ್ನು ಬ್ಯಾರೆಲಿನ ಮೇಲೆ ಮುಂದಕ್ಕೆ ಕೂರಿಸುವ ವಿಚಾರವನ್ನೂ ಮರದ ಅಚ್ಚೊಂದರಿಂದ ಪರೀಕ್ಷಿಸಿದೆ, ತೂಕವೆಲ್ಲ ಮುಂದಕ್ಕೆ ಹೋಗಿ ರೈಫಲ್ ತೋಳಿಗೆ ಒಗ್ಗಲಿಲ್ಲವಾದ್ದರಿಂದ ಕೈಬಿಟ್ಟೆ.

ಕೊಡಗಿನ ಗೆಳೆಯರು ತಮ್ಮ ರೈಫಲ್‌ಗಳಿಗೂ ಹೀಗೆ ಮಾಡಬಹುದೇ ಎಂದು ಕೇಳುತ್ತಾರೆ. ಭಾರತದಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಬಂದೂಕಿನ ದುರಸ್ತಿ, ಮಾರ್ಪಾಡುಗಳಿಗೂ ಪರವಾನಗಿ ಬೇಕು. ಅಲ್ಲಿ ಪರವಾನಗಿ ಪಡೆದ ಕುಶಲಕರ್ಮಿಯ ಕೈಯಲ್ಲೇ ಮಾಡಿಸಬೇಕು.

ಇನ್ನು ಉಳಿದದ್ದು ಹಿಂಗಟ್ಟಿನ, ಅಂದರೆ ಕೆನ್ನೆ ಒರಗಿಸುವ ಹಿಂಬದಿಯ ಮರದ, ಎತ್ತರ. ಅದು ತಗ್ಗಿನ ಸೈಟಿಗೆಂದು ಕೆತ್ತಿದ್ದಾದ್ದರಿಂದ ಕೆನ್ನೆಯನ್ನು ಮೇಲೆತ್ತದೆ ಕಣ್ಣು ಸ್ಕೋಪಿನ ನೇರಕ್ಕೆ ಬರುವುದಿಲ್ಲ. ದಾರದಿಂದ ಬಿಗಿಯುವ ಚರ್ಮದ ಹೊದಿಕೆಯ ಕೆಳಗೆ ಕಾಲು ಇಂಚಿಗಿಂತ ತುಸು ಹೆಚ್ಚು ದಪ್ಪದ ಫೆಲ್ಟ್ ಇಟ್ಟಿದ್ದೇನೆ. ಬೋಲ್ಟನ್ನು ಹೊರಗೆಳೆಯುವಾಗ ತಾಗದಂತೆ ಅದರ ಮುಂದಂಚನ್ನು ಓರೆಯಾಗಿ ಕತ್ತರಿಸಬೇಕು.