ನುಗ್ಗೆಕಾಯಿ ದೋಟಿಯಿಂದ ನೀರು ಕುಡಿಸುವ ಬಗೆ

ಕಳೆದ ವರ್ಷ ಅಕ್ಕನ ಮಗಳು ಕರಾವಳಿಯಲ್ಲಿ ನಡೆದ ಒಂದು ಸಮುದ್ರ ಈಜು ಸ್ಪರ್ಧೆಗೆ ಹೋದಾಗ, ದೋಣಿಯಿಂದ ಬಗ್ಗಿ ಬಾಟಲಿ ಕೊಟ್ಟವಳು ನಾನು. ಹುಡುಗಿ ನೀರಿನಲ್ಲೇ ನೆಟ್ಟಗೆ ನಿಂತು, ಮುಚ್ಚಳ ತಿರುಗಿಸಿ, ಎರಡು ಗುಟುಕು ಕುಡಿದು, ಮೂರನೆಯದಕ್ಕೆ ಕೆಮ್ಮಿದಳು. ಅಷ್ಟರಲ್ಲಿ ಜೊತೆಗಿದ್ದವರೆಲ್ಲ ಮುಂದೆ ಹೋಗಿಯಾಗಿತ್ತು. "ಮೌಶಿ, ಈಜಿದ್ದಕ್ಕಿಂತ ಕುಡಿದದ್ದೇ ದಣಿವಾಯಿತು" ಎಂದಳು. ತಪ್ಪು ನನ್ನದು. ತಿಂಗಳುಗಟ್ಟಲೆ ತೋಳಿನ ಅಭ್ಯಾಸ ಮಾಡಿಸಿ, ಕುಡಿಯುವುದನ್ನು ಒಂದು ದಿನವೂ ಮಾಡಿಸಿರಲಿಲ್ಲ.

ಗುಂಪು ತಪ್ಪಿದರೆ ಮತ್ತೆ ಸೇರುವುದು ಕಷ್ಟ. ಮುಂದಿನವಳ ಪಾದದ ಹಿಂದೆ ಅಥವಾ ಸೊಂಟದ ಪಕ್ಕ ಅಂಟಿಕೊಂಡು ಈಜಿದರೆ ನೀರು ಸೀಳುವ ಕೆಲಸ ಅವಳದು, ಉಳಿತಾಯ ನಮ್ಮದು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 10 ಕಿ.ಮೀ. ಮೊದಲ ಬಾರಿ ನಡೆದಾಗ ರಷ್ಯಾದ ಲಾರಿಸಾ ಇಲ್ಚೆಂಕೊ ಬ್ರಿಟನ್ನಿನ ಇಬ್ಬರ ಹಿಂದೆಯೇ ಇದ್ದು ಕೊನೆಯ ಕೆಲವು ಮೀಟರುಗಳಲ್ಲಿ ದಾಟಿ ಗೆದ್ದರು. 2024ರಲ್ಲಿ ಪ್ಯಾರಿಸ್‌ನ ಸೇನ್ ನದಿಯಲ್ಲಿ ನೆದರ್ಲೆಂಡ್ಸ್‌ನ ಶರೋನ್ ವಾನ್ ರೌವೆಂಡಾಲ್ ಗೆಲ್ಲಲು ತೆಗೆದುಕೊಂಡದ್ದು 2 ಗಂಟೆ 3 ನಿಮಿಷ. ಅಷ್ಟು ಹೊತ್ತು ಏನೂ ಕುಡಿಯದೆ ಈಜಲಾಗದು, ನಿಂತು ಕುಡಿಯುವಷ್ಟು ಪುರುಸೊತ್ತೂ ಇರುವುದಿಲ್ಲ. ಅದಕ್ಕೇ ತೇಲುವ ಕಟ್ಟೆಯ ಮೇಲೆ ಪ್ರತಿ ಈಜುಗಾರ್ತಿಯ ಕಡೆಯವರೊಬ್ಬರು ಉದ್ದನೆಯ ಕೋಲು ಚಾಚಿ ನಿಂತಿರುತ್ತಾರೆ. ಕೋಲಿನ ತುದಿಯಲ್ಲಿ ಲೋಟ.

ಆ ಕೋಲು ನಿಮ್ಮ ಹಿತ್ತಿಲಲ್ಲೇ ಇದೆ. ಗದಗಿನ ನಮ್ಮ ಮನೆಯಲ್ಲಿ ನುಗ್ಗೆಕಾಯಿ ಕೀಳುವ ಬಿದಿರಿನ ದೋಟಿಯನ್ನು ಅಳೆದರೆ ಐದೂವರೆ ಮೀಟರ್ ಬಂತು. ಅಂತರರಾಷ್ಟ್ರೀಯ ನಿಯಮದಲ್ಲಿ ಕೋಲು 5 ಮೀಟರ್ ಮೀರುವಂತಿಲ್ಲ. ಗರಗಸ ತಂದು ಅರ್ಧ ಮೀಟರ್ ಕತ್ತರಿಸಿದೆ. "ಇನ್ನು ಮೇಲಿನ ಕಾಯಿ ಯಾರು ಕೀಳಬೇಕು?" ಎಂದು ಅವ್ವ ಎರಡು ದಿನ ಮಾತು ಬಿಟ್ಟಳು. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳವನ್ನು ನಾಲ್ಕು ಬೆರಳು ಎತ್ತರಕ್ಕೆ ಕತ್ತರಿಸಿ, ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯಿಂದ ತುದಿಗೆ ಬಿಗಿಯಾಗಿ ಸುತ್ತಿ. ಕತ್ತರಿಸಿದ ಅಂಚನ್ನು ಮೇಣದಬತ್ತಿಗೆ ಹಿಡಿದು ಮೊಂಡು ಮಾಡಿ, ಇಲ್ಲದಿದ್ದರೆ ಬೆರಳು ಕುಯ್ಯುತ್ತದೆ. ಅದರೊಳಗೆ ಅಗಲ ಬಾಯಿಯ ಹಗುರ ಲೋಟ ಸಡಿಲವಾಗಿ ಕೂರಬೇಕು, ಎಳೆದರೆ ತಕ್ಷಣ ಬರಬೇಕು. ಗುರುತಿಗೆಂದು ನಾನು ಕುಪ್ಪಸದ ಕೆಂಪು ತುಂಡೊಂದನ್ನು ಕಟ್ಟಿದ್ದೆ. ನಿಯಮ ಓದಿದ ಮೇಲೆ ಬಿಚ್ಚಿದೆ. ತುದಿಯಲ್ಲಿ ಚಿಕ್ಕ ರಾಷ್ಟ್ರಧ್ವಜ ಬಿಟ್ಟು ಬೇರೇನೂ ತೂಗುವಂತಿಲ್ಲ. ಸೀಟಿ ಊದುವಂತಿಲ್ಲ, ಲೋಟ ಎಸೆದು ಕೊಡುವಂತಿಲ್ಲ. ಹೆಸರು ಹಿಡಿದು ಕೂಗಬಹುದು. ನನ್ನ ಗಂಟಲಿಗೆ ಅದು ಸಾಕು.

ಲೋಟಕ್ಕೆ ಏನು? ಒಂದು ಲೀಟರ್ ನೀರಿಗೆ 60 ಗ್ರಾಂ ಬೆಲ್ಲ, ಕಾಲು ಚಮಚ ಉಪ್ಪು, ಅರ್ಧ ನಿಂಬೆಹಣ್ಣು. ಬೆಲ್ಲದ ಕಸ ಗಂಟಲಿಗೆ ಸಿಕ್ಕದಂತೆ ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ. ಲೋಟವನ್ನು ಮುಕ್ಕಾಲು ಮಾತ್ರ ತುಂಬಿಸಿ. ಹೊಸದೇನನ್ನೂ ಸ್ಪರ್ಧೆಯ ದಿನ ಕುಡಿಸಬೇಡಿ; ಹೊಟ್ಟೆ ಕೆಟ್ಟರೆ ಕೋಲು ಎಷ್ಟು ಚೆಂದವಿದ್ದರೂ ಅಷ್ಟೇ.

ಇನ್ನು ಕುಡಿಯುವ ಕ್ರಮ. ಹತ್ತು ಮೀಟರ್ ದೂರದಲ್ಲಿರುವಾಗಲೇ, ಕಣ್ಣು ಮಾತ್ರ ನೀರಿನ ಮೇಲೆ ಬರುವಷ್ಟು ತಲೆಯೆತ್ತಿ ತನ್ನ ಲೋಟ ಯಾವುದೆಂದು ನೋಡಿಕೊಳ್ಳಬೇಕು. ಕೋಲಿನ ಕಡೆಯ ಕೈ ಮುಂದೆ ಚಾಚಿದಾಗ ಲೋಟ ಹಿಡಿಯಬೇಕು, ಕೋಲನ್ನಲ್ಲ. ಹಿಡಿದೊಡನೆ ಅಂಗಾತ ಹೊರಳಬೇಕು. ಕಾಲು ಬಡಿಯುವುದು ನಿಲ್ಲಬಾರದು. ಬಾಯಿಗೆ ಸುರಿದು, ನುಂಗಿ, ಲೋಟ ಬಿಟ್ಟು ಮತ್ತೆ ಬೋರಲು. ನಮ್ಮವಳು ಮೊದಮೊದಲು ಹಿಡಿದ ಮೇಲೆ ಉಸಿರು ಎಳೆದುಕೊಂಡು ಕುಡಿಯುತ್ತಿದ್ದಳು. ಕೆಮ್ಮು ಬರುತ್ತಿದ್ದುದೇ ಅದರಿಂದ. ಹೊರಳುವಾಗ ಉಸಿರು ಬಿಡು, ನುಂಗಿದ ಮೇಲೆ ಎಳೆದುಕೋ ಎಂದು ತಿದ್ದಿದ ಮೇಲೆ ಸರಿಯಾಯಿತು.

ಅಭ್ಯಾಸ ಅಣ್ಣನ ಹೊಲದ ಕೃಷಿ ಹೊಂಡದಲ್ಲಿ. ಕೆಂಪು ರಾಡಿ ನೀರು, ತಳ ಕಾಣುವುದಿಲ್ಲ. ಈಜುಕೊಳದ ಕರಿ ಗೆರೆ ನೋಡಿ ಹೋಗುವ ಚಟ ಎರಡೇ ದಿನದಲ್ಲಿ ಬಿಟ್ಟಿತು. ನೇರ ಹೋಗಲು ಗುರುತು ದೂರದ ಕಪ್ಪತಗುಡ್ಡದ ಕಡೆಯ ಗಾಳಿಯಂತ್ರ, ತಿರುವಿಗೆ ಎಣ್ಣೆಯ ಹಳದಿ ಡಬ್ಬಿ. ಆದರೆ ಕೃಷಿ ಹೊಂಡವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬದಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ಜಾರುತ್ತದೆ, ಈಜು ಬಲ್ಲವರೂ ಹತ್ತಲಾಗದೆ ಮುಳುಗುತ್ತಾರೆ. ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಡಿ, ಗಾಳಿ ತುಂಬಿದ ಟ್ಯೂಬ್ ಇಡಿ, ಈಜು ಬಲ್ಲ ಇನ್ನೊಬ್ಬರು ದಡದಲ್ಲಿರಲಿ. ಒಬ್ಬಂಟಿಯಾಗಿ ಇಳಿಯುವ ಮಾತೇ ಬೇಡ.

ನೀರಿನ ಬಿಸಿಯನ್ನೂ ಅಳೆಯಿರಿ. ಸ್ಪರ್ಧೆಗೆ ನೀರು 16ರಿಂದ 31 ಡಿಗ್ರಿಯೊಳಗೆ ಇರಬೇಕು. 2010ರಲ್ಲಿ ಯುಎಇಯ ಫುಜೈರಾದಲ್ಲಿ ಬಿಸಿ ನೀರಿನಲ್ಲಿ ಈಜುತ್ತಿದ್ದ ಅಮೆರಿಕದ ಫ್ರಾನ್ ಕ್ರಿಪ್ಪನ್ ಸ್ಪರ್ಧೆಯ ನಡುವೆಯೇ ತೀರಿಕೊಂಡರು. ನಮ್ಮ ಏಪ್ರಿಲ್ ಮಧ್ಯಾಹ್ನ ಹೊಂಡದ ಮೇಲ್ಪದರ ಕಾದಿರುತ್ತದೆ, ಆದ್ದರಿಂದ ಬೆಳಗಿನ ಆರಕ್ಕೇ ಇಳಿಯುತ್ತೇವೆ.

ಸಣ್ಣದೊಂದು. ಕಂಕುಳು, ಕುತ್ತಿಗೆ ಉಜ್ಜಿ ಗಾಯವಾಗದಂತೆ ವ್ಯಾಸಲಿನ್ ಹಚ್ಚುವವರು ನೀವಾಗಿರಿ, ಅವಳಲ್ಲ. ಜಿಡ್ಡು ಕೈಯಿಂದ ಲೋಟ ಜಾರುತ್ತದೆ. ನಮ್ಮಲ್ಲಿ ಸತತ ಮೂರು ಲೋಟ ಹೋದವು. ಉಗುರು ಕತ್ತರಿಸಿ, ಬಳೆ, ಓಲೆ ತೆಗೆಸಿ, ಇವನ್ನೂ ಪರಿಶೀಲಿಸುತ್ತಾರೆ.

ಲೋಟ ಹಿಡಿದಾಗಿನಿಂದ ಬಿಡುವವರೆಗೆ ದಡದಲ್ಲಿ ನಿಂತು ಎಣಿಸಿ. ನಮ್ಮವಳು ಮೊದಲ ದಿನ ಹನ್ನೊಂದು ಎಣಿಸುವಷ್ಟು ತೆಗೆದುಕೊಂಡಳು, ಈಗ ನಾಲ್ಕಕ್ಕೆ ಬಂದಿದ್ದಾಳೆ. ಈ ವಾರದಿಂದ ಈಜು ಬಲ್ಲ ಅಣ್ಣನ ಇಬ್ಬರು ಮಕ್ಕಳನ್ನೂ ಹೊಂಡಕ್ಕೆ ಇಳಿಸಿದ್ದೇನೆ. ಅವಳು ಲೋಟಕ್ಕೆ ಕೈ ಚಾಚುವ ಹೊತ್ತಿಗೆ ಪಕ್ಕದಿಂದ ನೂಕುವುದು, ಮುಖಕ್ಕೆ ನೀರು ಎರಚುವುದು ಅವರ ಕೆಲಸ. ಮತ್ತೆ ಏಳಕ್ಕೆ ಏರಿದೆ.