ಓಡೋ ಕಾಯಿನ್ ಹಿಂದೆ ಓಡೋದನ್ನ ನಾನು ಬಿಟ್ಟಿದ್ದು ಹೀಗೆ

ಬೆಲೆ ಏರುತ್ತಿರೋ ಕ್ರಿಪ್ಟೋ ಕಾಯಿನ್ ಕಂಡರೆ ತಕ್ಷಣ ಕೊಳ್ಳೋದು ನನ್ನ ಚಟವಾಗಿತ್ತು. ಬಿಡೋಕೆ ಟ್ರೇಡಿಂಗ್ ಆ್ಯಪ್ ಡಿಲೀಟ್ ಮಾಡಿ ನೋಡಿದೆ, ಅರ್ಧ ಗಂಟೆಗೆ ಮತ್ತೆ ಇಳಿಸಿಕೊಂಡೆ. ಪಿನ್ ಹೆಂಡತಿ ಕೈಗೆ ಕೊಟ್ಟೆ, ವಾರಕ್ಕೇ ಮನೆಯಲ್ಲಿ ಜಗಳ. ಕೈ ಕಡಿದಾಗ ಐನೂರು ರೂಪಾಯಿ ಮಾತ್ರ ಹಾಕೋಣ ಅಂತ ಒಂದು ಪ್ರಯೋಗ ನಡೆಸಿದೆ, ಅದಂತೂ ಎಲ್ಲಕ್ಕಿಂತ ಕೆಟ್ಟದ್ದು. ಏರಿದರೆ ‘ಐವತ್ತು ಸಾವಿರ ಹಾಕಿದ್ರೆ ಎಷ್ಟಾಗ್ತಿತ್ತು’ ಅನ್ನೋ ಲೆಕ್ಕದಲ್ಲೇ ಬೆಳಗಾಗುತ್ತಿತ್ತು. 2021ರ ಮೇನಲ್ಲಿ, ಎಲಾನ್ ಮಸ್ಕ್ ಟೀವಿಗೆ ಬರ್ತಾನೆ ಅಂತ ಡೋಜ್‌ಕಾಯಿನನ್ನು 70 ಸೆಂಟ್ ಹತ್ತಿರ ಕೊಂಡವರಲ್ಲಿ ನಾನೂ ಒಬ್ಬ. ಕಾರ್ಯಕ್ರಮ ಮುಗಿಯೋದರೊಳಗೆ ಬೆಲೆ ಜಾರಿತ್ತು. ಅಲ್ಲಿಂದ ಶುರುವಾಗಿ ಈ ಚಟಕ್ಕೆ ಹೋದದ್ದು ಹೆಚ್ಚುಕಡಿಮೆ ಮೂರೂವರೆ ಲಕ್ಷ.

ಕೊನೆಗೆ ಕೆಲಸ ಮಾಡಿದ್ದು ನೂರು ಪುಟದ ನೋಟ್‌ಬುಕ್. ‘ಬರೆದರೆ ಹೋಗುತ್ತಾ ಮಾರಾಯ’ ಅಂತ ಜೊತೆಯವರು ನಕ್ಕರು. ನಗಲಿ. ಕೊಳ್ಳಬೇಕು ಅನಿಸಿದಾಗೆಲ್ಲ ಒಂದು ಸಾಲು: ಕಾಯಿನ್, ಗಂಟೆ, ಆಗಿನ ಬೆಲೆ, ಎಷ್ಟು ಹಾಕೋ ಆಸೆ, ಹೇಳಿದ್ದು ಯಾರು. ಬಲಗಡೆ ಎರಡು ಖಾಲಿ ಖಾನೆ. ವಾರ ಕಳೆದು ಒಂದು ಬೆಲೆ, ತಿಂಗಳು ಕಳೆದು ಇನ್ನೊಂದು.

ಒಂದು ಸಾಲು ಹೀಗಿದೆ: 2025 ಜನವರಿ 19, ಭಾನುವಾರ, ಟ್ರಂಪ್ ಕಾಯಿನ್, 70 ಡಾಲರ್ ಆಸುಪಾಸು, ಒಂದು ಲಕ್ಷ, ಟೆಲಿಗ್ರಾಂ. ನಮ್ಮಲ್ಲಿ ಬೆಳಕು ಹರಿಯೋ ಮೊದಲೇ ಮೆಲಾನಿಯಾ ಹೆಸರಿನ ಕಾಯಿನ್ ಬಂದು ಇದರ ಬೆಲೆ ಕುಸಿದಿತ್ತು. ತಿಂಗಳ ಖಾನೆಯಲ್ಲಿ ಬರೆದದ್ದು 20ಕ್ಕಿಂತ ಕಡಿಮೆ.

ಆದರೆ ನನ್ನ ಕಣ್ಣು ತೆರೆಸಿದ್ದು ‘ಹೇಳಿದ್ದು ಯಾರು’ ಖಾನೆ. ಮುಕ್ಕಾಲು ಪಾಲು ಸಾಲುಗಳಲ್ಲಿ ಒಂದೇ ಟೆಲಿಗ್ರಾಂ ಗ್ರೂಪ್. ಅಲ್ಲಿ ಮೆಸೇಜ್ ಬರೋ ಹೊತ್ತಿಗೆ ಕಾಯಿನ್ ಆಗಲೇ ಮೂವತ್ತು ನಲವತ್ತು ಪರ್ಸೆಂಟ್ ಏರಿ ಕೂತಿರುತ್ತಿತ್ತು. ಅಂದರೆ ಅವರು ಮಾರೋಕೆ ಗಿರಾಕಿ ನಾನು.

ಈಗಿನ ಕ್ರಮ: ಬರೆಯೋದು, ಒಂದು ರಾತ್ರಿ ಬಿಡೋದು, ಬೆಳಗ್ಗೆಯೂ ಬೇಕು ಅನಿಸಿದರೆ ಆಗಿನ ಬೆಲೆಗಿಂತ ಹನ್ನೆರಡು ಹದಿನೈದು ಪರ್ಸೆಂಟ್ ಕೆಳಗೆ ಲಿಮಿಟ್ ಆರ್ಡರ್, ಅಂದರೆ ಬೆಲೆ ಅಲ್ಲಿಗಿಳಿದರೆ ಮಾತ್ರ ಕೊಳ್ಳು ಅನ್ನೋ ಆರ್ಡರ್. ಆ ಕ್ಷಣದ ಬೆಲೆಗೇ ಕೊಳ್ಳೋ ಮಾರ್ಕೆಟ್ ಆರ್ಡರ್ ಬಟನ್ ಮುಟ್ಟೋದೇ ಇಲ್ಲ. ಯಾವ ಕಾಯಿನ್‌ಗೆ ಎಷ್ಟು ಕೆಳಗೆ ಅನ್ನೋದನ್ನ ವಾಲ್ಯೂಮ್, ಅಂದರೆ ಎಷ್ಟು ವ್ಯಾಪಾರ ನಡೀತಿದೆ ಅಂತ ನೋಡಿ ಇಡ್ತೀನಿ. ಆ ಲೆಕ್ಕ ಮಾತ್ರ ನನ್ನ ಹತ್ತಿರವೇ ಇರಲಿ. ಬೆಲೆ ಅಷ್ಟು ಇಳಿಯದೆ ಮುಕ್ಕಾಲು ಪಾಲು ಆರ್ಡರ್ ಪೂರ್ತಿಯಾಗೋದೇ ಇಲ್ಲ. 2024ರ ಫೆಬ್ರವರಿ ಕೊನೆಯಲ್ಲಿ ಪೆಪೆ ಅನ್ನೋ ಕಾಯಿನ್ ಹಾಗೇ ಕೈತಪ್ಪಿ, ಎರಡು ಮೂರು ವಾರದಲ್ಲಿ ಹಲವು ಪಟ್ಟಾಯಿತು. ಹೊಟ್ಟೆ ಉರಿಯಿತು, ಸುಳ್ಳು ಹೇಳಲ್ಲ.

ಆ ಉರಿಗೆ ಮದ್ದು ತೆರಿಗೆ ಲೆಕ್ಕ. 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ 30 ಪರ್ಸೆಂಟ್ ತೆರಿಗೆ, ಮೇಲೆ ಸೆಸ್. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಒಂದರಲ್ಲಿ 20,000 ಬಂದು ಇನ್ನೊಂದರಲ್ಲಿ 20,000 ಹೋದರೆ ಕೈಗೆ ಸೊನ್ನೆ, ಸರ್ಕಾರಕ್ಕೆ 6,240. ಜೊತೆಗೆ ಮಾರಿದಾಗೆಲ್ಲ 1 ಪರ್ಸೆಂಟ್ ಟಿಡಿಎಸ್, ಅಂದರೆ ಮುಂಗಡವಾಗಿ ಹಿಡಿಯೋ ತೆರಿಗೆ. ಒಂದೇ ಲಕ್ಷವನ್ನು ಹತ್ತು ಸಲ ತಿರುಗಿಸಿದರೆ ಹತ್ತು ಸಾವಿರದಷ್ಟು ರಿಟರ್ನ್ಸ್ ಹಾಕೋವರೆಗೆ ಅಲ್ಲೇ ಸಿಕ್ಕಿಕೊಂಡಿರುತ್ತೆ. ನಾನು ವರ್ಷಕ್ಕೆ ನೂರಾರು ಟ್ರೇಡ್ ಮಾಡ್ತಿದ್ದವನು, ಈಗ ಇಪ್ಪತ್ತರ ಸುಮಾರು. ಹೋದ ಹಣದಲ್ಲಿ ಎರಡು ಲಕ್ಷದಷ್ಟು ವಾಪಸ್ ಬಂದಿದೆ, ನಕ್ಕವರು ಇನ್ನೂ ಗ್ರೂಪಿನಲ್ಲೇ ಇದ್ದಾರೆ.

ಈಗ ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಿಂದ ಮಾರೋ ಆತುರವನ್ನೂ ಬರೀತಿದ್ದೀನಿ. 2025ರ ಅಕ್ಟೋಬರ್ 11ರ ಬೆಳಗಿನ ಜಾವ, ಚೀನಾ ಮೇಲೆ ಟ್ರಂಪ್ ಸುಂಕದ ಸುದ್ದಿಗೆ ಮಾರ್ಕೆಟ್ ಬಿದ್ದಾಗ, ಒಂದೂವರೆ ಪುಟ ತುಂಬಿತು. ಅದರಿಂದ ನಿಯಮ ಮಾಡೋಷ್ಟು ಸಾಲು ಇನ್ನೂ ಸೇರಿಲ್ಲ.